ದೇವರ ಜಗಲಿಯ ಮೇಲಿದ್ದ ಡಾಲರು

ರಾಣೆಬೆನ್ನೂರಿನ ನನ್ನ ವಾಚು ರಿಪೇರಿ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತಿದ್ದ ಕಾಲದಲ್ಲಿ ನನಗೆ ಅಮೆರಿಕದ ಹಳೇ ಬೆಳ್ಳಿ ಡಾಲರಿನ ಹುಚ್ಚು ಹಿಡಿಯಿತು. ಎರಡು ಸಾವಿರದ ಐದೋ ಆರೋ ಇರಬೇಕು. ಜನರ ಕೈಗೆ ಮೊಬೈಲು ಬಂದು, ಟೈಮು ಅದರಲ್ಲೇ ನೋಡತೊಡಗಿದ್ದರು. ಹಳೇ ನಾಣ್ಯ ಕೂಡಿಸುವ ಚಟ ನನಗೆ ಮೊದಲಿಂದಲೂ ಇತ್ತು. ಒಂದು ದಿನ ಹಾವೇರಿಯ ಬೆಳ್ಳಿ ಅಂಗಡಿಯವರೊಬ್ಬರು, ಕರಗಿಸಲು ಇಟ್ಟಿದ್ದ ಕಾಲುಂಗುರ ಕಡಗಗಳ ರಾಶಿಯಿಂದ ಒಂದು ದೊಡ್ಡ ನಾಣ್ಯ ಎತ್ತಿ, "ಇದು ನಿಮ್ಮ ಮಾಲು ನೋಡ್ರಿ" ಅಂದರು.

ನಮ್ಮ ಹಳೇ ಬೆಳ್ಳಿ ರೂಪಾಯಿ ಎರಡು ಸೇರಿಸಿದರೂ ಅದರ ತೂಕ ಬರುವುದಿಲ್ಲ. ಒಂದು ಕಡೆ ರೆಕ್ಕೆ ಬಿಚ್ಚಿದ ಹದ್ದು. ಇನ್ನೊಂದು ಕಡೆ ದುಂಡು ಮುಖದ ಹೆಣ್ಣು, ಆಕೆಯ ತಲೆಯ ಮೇಲೆ ಗೋಧಿ ತೆನೆ ಮತ್ತು ಹತ್ತಿಕಾಯಿ. ಹತ್ತಿ ಬೆಳೆಯುವ ಸೀಮೆಯವನು ನಾನು, ಅದನ್ನು ನೋಡಿ ಹಿಗ್ಗಿಹೋದೆ. ಯಾವ ಪುಣ್ಯಾತ್ಮ ಉಕ್ಕಿನ ಅಚ್ಚಿನಲ್ಲಿ ಅಷ್ಟು ನವಿರಾಗಿ ಕೂದಲಿನ ಎಳೆ ಎಳೆ ಕೆತ್ತಿದನೋ. ಅದನ್ನು ಕೊಂಡು ಮನೆಗೆ ತಂದು, ವಾಚಿನ ಹಲ್ಲು ನೋಡುವ ಕಣ್ಣುಗನ್ನಡಿ ಹಾಕಿಕೊಂಡು ಅವತ್ತು ಊಟ ಮರೆತು ನೋಡಿದೆ. ಹೆಂಡತಿ, "ಆಕೀನಽ ನೋಡ್ಕೋಂತ ಕುಂದರ್ರಿ, ಆಕೀನಽ ರೊಟ್ಟಿ ಬಡೀತಾಳ" ಅಂದಳು.

ಸೈಬರ್ ಕೆಫೆಗೆ ಹೋಗಿ ಅದರ ಚರಿತ್ರೆ ಓದಿದೆ. ಹದ್ದಿನ ಕೆಳಗೆ ಎರಡು ಪುಟ್ಟ ಇಂಗ್ಲಿಷ್ ಸಿ ಅಕ್ಷರ ಇದ್ದರೆ ಅದು ಬೆಳ್ಳಿ ಗಣಿಗಳ ಪಕ್ಕದ ಸಣ್ಣ ಟಂಕಸಾಲೆಯದು, ಅಂಥವು ಸಿಗುವುದು ಅಪರೂಪ. ಇನ್ನೊಂದು ಸಂಗತಿ ಓದಿ ಮೈ ಜುಮ್ಮೆಂದಿತು. ಮೊದಲ ಮಹಾಯುದ್ಧದ ಕಡೆಗೆ ನಮ್ಮ ದೇಶದಲ್ಲಿ ಬೆಳ್ಳಿ ಸಾಲದೆ, ಅಮೆರಿಕದವರು ಕೋಟಿಗಟ್ಟಲೆ ಡಾಲರು ಕರಗಿಸಿದರಂತೆ. ಆ ಬೆಳ್ಳಿಯಲ್ಲಿ ಬಹುಪಾಲು ಇಲ್ಲಿಗೇ ಬಂದು ರೂಪಾಯಿ ಆಯಿತಂತೆ. ನಮ್ಮ ಹೆಣ್ಣುಮಕ್ಕಳ ಕೊರಳ ರೂಪಾಯಿ ಸರದಲ್ಲಿ ಎಷ್ಟು ಡಾಲರುಗಳಿವೆಯೋ, ಯಾರಿಗೆ ಗೊತ್ತು.

ಆ ವರ್ಷ ದೀಪಾವಳಿಗೆ ಬ್ಯಾಡಗಿಯ ಅತ್ತೆಯ ಮನೆಗೆ ಹೋಗಿದ್ದೆ. ಈಕೆ ನಮ್ಮಪ್ಪನ ಅಕ್ಕ. ದೇವರ ಜಗಲಿಯ ಮೇಲೆ ಕುಂಕುಮ ಮೆತ್ತಿದ ಒಂದು ದುಂಡನೆಯ ಬೆಳ್ಳಿಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ, ಏನೆಂದು ಕೇಳಿರಲಿಲ್ಲ. ಅತ್ತೆಯ ಗಂಡ ಹತ್ತಿ ದಲಾಲರ ಜೊತೆ ಮುಂಬಯಿಗೆ ಹೋದಾಗ ತಂದದ್ದು. ತೆನೆ ಹೊತ್ತ ಹೆಣ್ಣು ಲಕ್ಷ್ಮಿ, ಹಿಂದಿನ ಹಕ್ಕಿ ಆಕೆಯ ಗಂಡನ ಗರುಡ ಎಂದು ಅತ್ತೆಯೇ ನಿಶ್ಚಯಿಸಿದ್ದಳು. ಅದರಲ್ಲಿ ತಪ್ಪು ಹುಡುಕುವುದು ಯಾರಿಂದಾದೀತು. ಅವತ್ತು ಅತ್ತೆ ಅದನ್ನು ತೊಳೆಯುವಾಗ ಕುಂಕುಮ ಹೋಗಿ ಅದೇ ಡಾಲರಿನ ಹದ್ದು ಕಂಡಿತು. ಇಸಿದುಕೊಂಡು, ಜೇಬಿನಲ್ಲಿದ್ದ ಕಣ್ಣುಗನ್ನಡಿ ಹಾಕಿ ನೋಡಿದೆ. ಕೆಳಗೆ ಎರಡು ಸಿ.

ಅಷ್ಟರಲ್ಲಿ ಅತ್ತೆ ಅದನ್ನು ಕಿತ್ತುಕೊಂಡು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕತೊಡಗಿದಳು. ನಾಣ್ಯ ಕೂಡಿಸುವವರು ಬಟ್ಟೆಯಿಂದ ಕೂಡ ಒರೆಸುವುದಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

"ಅತ್ತಿ, ತಿಕ್ಕಬ್ಯಾಡ. ಆಕೀ ಮೂಗು ಸವೀತೈತಿ."

"ದೇವರ ಮಾರಿ ತೊಳಿಬಾರದೇನೋ? ನಿಮ್ಮನ್ಯಾಗ ಹಂಗಽ ಇಡ್ತೀರೇನು?"

ಮಾತಿಗೆ ಮಾತು ಬೆಳೆದು ನಾನು ಹೋಳಿಗೆ ಬಿಟ್ಟು ಎದ್ದು ಬಂದೆ. ವರ್ಷದ ತನಕ ಆ ಕಡೆ ತಲೆ ಹಾಕಲಿಲ್ಲ. ಆದರೆ ಆ ಡಾಲರು ಮಾತ್ರ ತಲೆಯಿಂದ ಹೋಗಲಿಲ್ಲ.

ಮುಂದಿನ ವರ್ಷ ಹಬ್ಬಕ್ಕೆ ಮೊದಲು ಅತ್ತೆಯೇ ಫೋನು ಮಾಡಿಸಿ ಕರೆಸಿದಳು. ಹೋದರೆ ಮುಖ ಬಾಡಿತ್ತು. ಮನೆಗೆ ಹೊಸದಾಗಿ ಬಂದ ಸೊಸೆ ಡಿಗ್ರಿ ಓದಿದವಳು, ಜಗಲಿ ಒರೆಸುವಾಗ ಅಕ್ಷರ ಓದಿ, ಇದು ದೇವರಲ್ಲ, ಹೊರದೇಶದ ರೊಕ್ಕ ಎಂದುಬಿಟ್ಟಿದ್ದಳಂತೆ. ಅತ್ತೆ ನಾಣ್ಯವನ್ನು ನನ್ನ ಅಂಗೈಯಲ್ಲಿಟ್ಟಳು.

"ಐವತ್ತು ವರ್ಷ ಪೂಜಿ ಮಾಡೇನಿ ತಮ್ಮಾ. ಮಕ್ಕಳಿಗೆ ಜ್ವರ ಬಂದಾಗ ಇಕೀ ಮುಂದಽ ಅತ್ತೇನಿ. ನೀ ತಿಳಿದಾಂವ ಅದಿ, ಖರೇ ಹೇಳು. ದೇವರಲ್ಲ ಅಂದ್ರ ನೀನಽ ತಗೊಂಡು ಹೋಗು, ನನಗ ಬ್ಯಾಡ."

ಖರೇ ಹೇಳಿದರೆ ಡಾಲರು ನನ್ನದು. ಇದಕ್ಕಿಂತ ಸುಲಭ ಇನ್ನೇನು ಬೇಕು. ಆದರೆ ಆಕೆಯ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ಸುಳ್ಳು ಹೇಳೋಣವೆಂದುಕೊಂಡೆ, ಆಗಲಿಲ್ಲ. ಈಕೆ ನನ್ನನ್ನು ಎತ್ತಿ ಆಡಿಸಿದವಳು, ಈಕೆಯ ಮುಂದೆ ನಾನು ಹೇಳಿದ ಸುಳ್ಳು ಯಾವತ್ತೂ ನಡೆದಿಲ್ಲ.

"ಲಕ್ಷ್ಮಿ ಅಲ್ಲ, ಅತ್ತಿ" ಅಂದೆ.

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನಗೆ ನನ್ನ ಮೇಲೇ ಹೇಸಿಗೆ ಬಂತು. ಆಮೇಲೆ ನಾಣ್ಯದ ಕಡೆ ನೋಡಿ, "ಮತ್ತ ಯಾರಕಿ?" ಎಂದು ಕೇಳಿದಳು.

ನಾಣ್ಯದ ಹೆಣ್ಣಿನ ತಲೆಗೆ ಕಟ್ಟಿದ ಪಟ್ಟಿಯ ಮೇಲಿದ್ದ ಇಂಗ್ಲಿಷ್ ಅಕ್ಷರಗಳನ್ನು ತೋರಿಸಿದೆ. "ಇಲ್ಲಿ ಹೆಸರು ಬರದಾರ. ಸ್ವಾತಂತ್ರ್ಯ ಅಂತ. ಅಲ್ಲಿಯವರು ಸ್ವಾತಂತ್ರ್ಯಕ್ಕ ಹೆಣ್ಣಿನ ರೂಪ ಕೊಟ್ಟಾರ."

"ಸ್ವಾತಂತ್ರ್ಯ ಅಂದ್ರ, ನಮ್ಮಪ್ಪ ಪೊಲೀಸರ ಕಡೆ ಬಡಿಸಿಕೊಂಡಾನಲ್ಲ, ಅದಽ ಏನು?"

ಆಕೆಯ ಅಪ್ಪ ಎಂದರೆ ನಮ್ಮಜ್ಜ. ಮೋಟೆಬೆನ್ನೂರಿನವನು. ಚಳವಳಿಯಲ್ಲಿ ಜೈಲಿಗೆ ಹೋಗಿ, ಬೇನೆ ಹಿಡಿದು ಬಂದು, ಸ್ವಾತಂತ್ರ್ಯ ಬರುವ ಮೊದಲೇ ತೀರಿಕೊಂಡಿದ್ದ.

"ಹೂಂ ಅತ್ತಿ, ಅದಽ" ಅಂದೆ.

ಅತ್ತೆ ಕೈ ಚಾಚಿದಳು. ನಾನು ನಾಣ್ಯ ಕೊಟ್ಟೆ. ಪಡಸಾಲೆಯ ಗೋಡೆಯ ಮೇಲಿದ್ದ ತನ್ನ ಅಪ್ಪನ ಫೋಟೋ ಇಳಿಸಿ ತರಲು ಸೊಸೆಗೆ ಹೇಳಿ, ಅದನ್ನು ಜಗಲಿಗೆ ಒರಗಿಸಿದಳು. ನಾಣ್ಯಕ್ಕೆ ಹೊಸದಾಗಿ ಕುಂಕುಮ ಹಚ್ಚಿದಳು, ಹಣೆಗೆ ಮಾತ್ರ, ಮುಖ ಪೂರಾ ಕಾಣುವ ಹಾಗೆ. ಆಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಫೋಟೋದ ಮುಂದೆ ಎತ್ತಿ ತೋರಿಸಿದಳು.

"ಅಪ್ಪಾ, ಇಕೀನಽ ನೋಡು" ಅಂದಳು.