ಏಳು ದಿನದ ಮೌನ

ನಮ್ಮ ಕಚೇರಿಯಲ್ಲಿ ಈ ಕಥೆಯನ್ನು ಹೇಳುವ ಒಂದು ರೀತಿ ಇದೆ. ಬೇರೆ ತಾಲೂಕಿನ ಅಧಿಕಾರಿಗಳು ಬಂದಾಗ ಗೋಡೆಯ ಮೇಲೆ ಚಿತ್ರ ಬೀಳಿಸಿ ಹೇಳುತ್ತಾರೆ: "ಪ್ರಯೋಗದ ಹಂತದಲ್ಲಿ ಮಸ್ಕಿಯಲ್ಲಿ ಒಂದೇ ಒಂದು ತಪ್ಪು ಜೋಡಣೆ ಆಯಿತು. ಕುಟುಂಬದವರು ಕೊಟ್ಟ ಮಾಹಿತಿ ಸರಿ ಇರಲಿಲ್ಲ. ಎರಡೇ ದಿನದಲ್ಲಿ ಪತ್ತೆಹಚ್ಚಿ ಸರಿಪಡಿಸಿದೆವು."

ಮೂರು ವಾಕ್ಯ. ಮೂರನ್ನೂ ನಾನು ಒಪ್ಪುವುದಿಲ್ಲ. ಒಂದೇ ಒಂದು ಎಂದು ಎಣಿಸಿದವರು ಯಾರು? ನಮಗೆ ಗೊತ್ತಾದದ್ದು ಒಂದು ಎನ್ನಬಹುದು, ಅಷ್ಟೇ. ಮಾಹಿತಿ ಸರಿ ಇರಲಿಲ್ಲವೇ? ಆ ಮನೆಯವರು ಒಂದು ಸುಳ್ಳನ್ನೂ ಹೇಳಿರಲಿಲ್ಲ; ಅದು ನನ್ನ ಮನೆ, ನನಗೆ ಗೊತ್ತು. ಇನ್ನು ಪತ್ತೆಹಚ್ಚಿದವರು ನಾವಂತೂ ಅಲ್ಲ. ಕಾಲು ಬಾತು, ಉಸಿರು ಸಾಲದೆ, ಸಿಂಧನೂರಿನ ಆಸ್ಪತ್ರೆಯೊಂದರ ಬೆಂಚಿನ ಮೇಲೆ ಕೂತಿದ್ದ ಒಬ್ಬ ಹೆಂಗಸಿನ ಮೈ ಅದನ್ನು ಪತ್ತೆಹಚ್ಚಿತು. ಆಕೆ ನನ್ನ ದೊಡ್ಡಪ್ಪನ ಮಗಳು.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲೂಕುಗಳಿಂದ ಜನ ದುಡಿಮೆಗೆ, ಮದುವೆಗೆ, ದವಾಖಾನೆಗೆ ಗಡಿ ದಾಟಿ ಪಕ್ಕದ ರಾಜ್ಯಕ್ಕೆ ಹೋಗುತ್ತಲೇ ಇರುತ್ತಾರೆ. ಹೋದವರ ರೇಷನ್ ಕಾರ್ಡು, ಆರೋಗ್ಯ ಕಾರ್ಡು ಗಡಿಯಲ್ಲೇ ನಿಂತುಬಿಡುತ್ತವೆ. ಎರಡು ರಾಜ್ಯಗಳೂ ತಮ್ಮ ತಮ್ಮ ದಾಖಲೆ ತಮ್ಮಲ್ಲೇ ಇಟ್ಟುಕೊಂಡು, ಒಂದರ ಕಂಪ್ಯೂಟರ್ ಕೇಳಿದ್ದು ಇನ್ನೊಂದಕ್ಕೆ ತಿಳಿಯುವಂತೆ ನಡುವೆ ಒಂದು ಸೇತುವೆ ಕಟ್ಟಬೇಕಿತ್ತು. ಅದರ ನಕ್ಷೆ ಬರೆಯುವ ತಂಡದಲ್ಲಿ ನಾನೂ ಒಬ್ಬಳು. ಒಳ್ಳೆಯ ಕೆಲಸ. ಇವತ್ತಿಗೂ ಹಾಗೇ ಅನ್ನುತ್ತೇನೆ.

ತೊಡಕು ಇದ್ದದ್ದು ಒಂದೇ ಕಡೆ. ಆಧಾರ್ ಸಂಖ್ಯೆಯನ್ನು ಗಡಿ ದಾಟಿಸುವಂತಿಲ್ಲ ಎಂಬ ಷರತ್ತು ಮೊದಲ ದಿನವೇ ಬಂದಿತ್ತು. ಹಾಗಾದರೆ ಇಲ್ಲಿಯವಳೂ ಅಲ್ಲಿಯವಳೂ ಒಬ್ಬಳೇ ಎಂದು ಗುರುತಿಸುವುದು ಹೇಗೆ? ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಖು ಎಂದರು ಹಿರಿಯರು. ನಾನು ಎದ್ದು ನಿಂತೆ. ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆಯ ಕಪ್ಪುಗಳನ್ನು ಗೆದ್ದವಳು, ಕೂತು ಮಾತಾಡಲು ನನಗೆ ಬರುವುದಿಲ್ಲ. "ಮದುವೆಯಾದ ಮೇಲೆ ಹೆಣ್ಣಿನ ಕಾರ್ಡಿನಲ್ಲಿ ಅಪ್ಪ ಹೋಗಿ ಗಂಡ ಬರುತ್ತಾನೆ. ಅಪ್ಪನ ಹೆಸರನ್ನೇ ಹಿಡಿದು ಕೂತರೆ ನಿಮ್ಮ ಸೇತುವೆ ಗಂಡಸರಿಗೆ ಮಾತ್ರ" ಎಂದೆ. ಅದರ ಬದಲು ಹುಟ್ಟೂರು, ಮೊಬೈಲ್ ನಂಬರ್ ಸೇರಿಸಿ ಎಂದೆ. ಹೆಸರು, ತಾರೀಖು, ಹುಟ್ಟೂರು, ಮೊಬೈಲ್ ನಾಲ್ಕೂ ಕೂಡಿದರೆ ಅದು ಒಂದೇ ಜೀವ. ಒಂದು ಜೀವಕ್ಕೆ ಎರಡು ರಾಜ್ಯದ ಆರೋಗ್ಯ ಕಾರ್ಡು ಇರುವಂತಿಲ್ಲ. ಹೊಸದು ನಡೆಯುತ್ತದೆ, ಹಳೆಯದು ನಿಲ್ಲುತ್ತದೆ.

ನಮ್ಮ ತಂಡದ ಮುಖ್ಯಸ್ಥರು ಮೆದು ಮಾತಿನ ಮನುಷ್ಯ. "ತಪ್ಪಾಗಿ ಜೋಡಿಸಿದ್ರೆ?" ಎಂದು ಕೇಳಿದರು.

"ಮೆಸೇಜು ಕಳಿಸೋಣ ಸರ್. ಏಳು ದಿನದಲ್ಲಿ ಅವರು ಬೇಡ ಅಂದ್ರೆ ಜೋಡಣೆ ನಿಲ್ಲಿಸೋಣ. ಸುಮ್ಮನಿದ್ರೆ ಒಪ್ಪಿದಂಗೆ."

"ಸುಮ್ಮನಿರೋದು ಒಪ್ಪಿಗೆ ಹೆಂಗಾಗತ್ತಮ್ಮ?"

"ಚರ್ಚೆಯಲ್ಲಿ ನಮಗೆ ಕಲಿಸಿದ್ದೇ ಅದು ಸರ್. ಎದುರಾಳಿ ಮುಟ್ಟದೆ ಬಿಟ್ಟ ವಾದ, ಅವನು ಒಪ್ಪಿಕೊಂಡ ವಾದ."

ಎಲ್ಲರೂ ನಕ್ಕರು. ನಿಯಮ ಅಂಗೀಕಾರವಾಯಿತು. ಜೋಡಣೆ ಬಿಡಿಸುವುದು ಸುಲಭವಿರಬಾರದು, ಇಬ್ಬರೂ ಒಂದೇ ದಿನ ತಂತಮ್ಮ ಕಡೆ ಬೆರಳು ಒತ್ತಬೇಕು ಎಂಬುದೂ ನನ್ನದೇ. ಅದಕ್ಕೂ ಒಂದು ವಾದ ಇತ್ತು. ನನ್ನ ಹತ್ತಿರ ಯಾವುದಕ್ಕೆ ಇರಲಿಲ್ಲ?

ಈಗ ಗುರುಗುಂಟಾದ ನಮ್ಮ ಮನೆಗೆ ಬರುತ್ತೇನೆ. ಅಜ್ಜಿ ಹೋದ ವರ್ಷ ಇಬ್ಬರು ಸೊಸೆಯಂದಿರು ಬಸುರಿ. ನನ್ನ ಇಬ್ಬರು ದೊಡ್ಡಪ್ಪಂದಿರೂ ಹುಟ್ಟುವ ಮಗಳಿಗೆ ಅವ್ವನ ಹೆಸರೇ ಆಗಬೇಕೆಂದರು, ಒಬ್ಬರೂ ಬಿಟ್ಟುಕೊಡಲಿಲ್ಲ. ಹೀಗೆ ಆರು ತಿಂಗಳ ಅಂತರದಲ್ಲಿ ಒಂದೇ ಮನೆಯಲ್ಲಿ ಒಂದೇ ಹೆಸರಿನ ಎರಡು ಕೂಸುಗಳು ತೊಟ್ಟಿಲು ಕಂಡವು. ನಮ್ಮ ಕಡೆ ಇದು ಸುದ್ದಿಯಲ್ಲ. ಮನೆಯಲ್ಲಿ ಒಬ್ಬಳು ದೊಡ್ಡಕ್ಕ, ಒಬ್ಬಳು ಸಣ್ಣಕ್ಕ. ಕರೆದರೆ ಬರಬೇಕಾದವಳೇ ಬರುತ್ತಿದ್ದಳು. ಅಜ್ಜ ಇಬ್ಬರನ್ನೂ ಒಂದೇ ದಿನ ಕೈ ಹಿಡಿದು ಶಾಲೆಗೆ ಒಯ್ದ. ಹೆಡ್ ಮಾಸ್ತರರು ಹುಟ್ಟಿದ ತಾರೀಖು ಕೇಳಿದ್ದಕ್ಕೆ, "ಒಬ್ಬಾಕಿ ಎಳ್ಳಮಾಸಿ ಮುಂದ ಹುಟ್ಯಾಳ್ರಿ, ಒಬ್ಬಾಕಿ ಕಾರಹುಣ್ಣಿಮಿ ಹಿಂದ" ಎಂದನಂತೆ. ಮಾಸ್ತರರು ಇಬ್ಬರಿಗೂ ಒಂದೇ ವರ್ಷದ ಜೂನ್ ಒಂದು ಎಂದು ಬರೆದರು. ಆ ಶಾಲೆಯ ಲೆಕ್ಕದಲ್ಲಿ ಅರ್ಧ ಊರು ಜೂನ್ ಒಂದಕ್ಕೇ ಹುಟ್ಟಿದೆ. ನನ್ನದೂ ಜೂನ್ ಒಂದೇ.

ಇನ್ನು ಮೊಬೈಲು. ಮನೆಯಲ್ಲಿ ಬಂದ ಮೆಸೇಜು ಓದಿ ಹೇಳುವವಳು ನಾನೊಬ್ಬಳೇ ಇದ್ದ ಕಾಲದಲ್ಲಿ ಎಲ್ಲರ ಎಲ್ಲ ಕಾರ್ಡಿಗೂ ನನ್ನ ನಂಬರನ್ನೇ ಕೊಟ್ಟಿದ್ದರು. ಆಮೇಲೆ ಅವರವರಿಗೆ ಫೋನು ಬಂತು, ನಂಬರು ಬದಲಾಗಲಿಲ್ಲ. ದೊಡ್ಡಕ್ಕನಿಗೆ ತನ್ನ ನಂಬರು ಬಾಯಿಗೆ ಬರುವುದಿಲ್ಲ, ನನ್ನದು ಬರುತ್ತದೆ.

ಇದೆಲ್ಲ ನನಗೆ ಗೊತ್ತಿತ್ತು. ಚರ್ಚೆಯ ಕಪ್ಪು ಗೆದ್ದವಳಿಗೆ, ಜೂನ್ ಒಂದಕ್ಕೆ ಹುಟ್ಟಿದವಳಿಗೆ. ಆ ಸಭೆಯಲ್ಲಿ ಯಾಕೆ ನೆನಪಾಗಲಿಲ್ಲ ಎಂಬುದಕ್ಕೆ ಮಾತ್ರ ನನ್ನಲ್ಲಿ ವಾದವಿಲ್ಲ.

ದೊಡ್ಡಕ್ಕನನ್ನು ಮಸ್ಕಿಗೆ ಕೊಟ್ಟಿತ್ತು. ಆಕೆಯ ಗಂಡನನ್ನು ನಾನು ಮಾಮ ಅನ್ನುವುದು; ಅವನದು ಟೇಲರ್ ಅಂಗಡಿ, ಅಕ್ಕ ಕುಪ್ಪಸಗಳಿಗೆ ಕೈಹೊಲಿಗೆ ಹಾಕುತ್ತಾಳೆ. ಎರಡೂ ಕಿಡ್ನಿ ಹೋಗಿ ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಆರೋಗ್ಯ ಕಾರ್ಡಿನ ಮೇಲೆ ಸಿಂಧನೂರಿನಲ್ಲಿ ಡಯಾಲಿಸಿಸ್. ಸಣ್ಣಕ್ಕನನ್ನು ಕೊಟ್ಟದ್ದು ಗಡಿಯಾಚೆ. ಕಣ್ಣಿನ ಆಪರೇಷನ್‌ಗೆಂದು ಆಕೆ ಅಲ್ಲಿ ಹೊಸದಾಗಿ ಆರೋಗ್ಯ ಕಾರ್ಡು ಮಾಡಿಸಿದ್ದಳು, ಅದಕ್ಕೂ ರೂಢಿಯಂತೆ ನನ್ನ ನಂಬರನ್ನೇ ಕೊಟ್ಟಿದ್ದಳು.

ಒಂದು ಮಂಗಳವಾರ ಮಾಮನ ಫೋನು ಬಂತು. "ಏನ್ರೀ ಸಾಹೇಬ್ರ, ಜರಾ ಬಿಡುವೈತೇನು?" ಯಾವಾಗಲೂ ಹೀಗೇ ಕಾಡಿಸುತ್ತಾನೆ, ಆದರೆ ಧ್ವನಿಯಲ್ಲಿ ನಗು ಇರಲಿಲ್ಲ. "ನಿಮ್ಮಕ್ಕನ ಕಾರ್ಡು ಗಡಿ ದಾಟಿ ಹೋಗೈತಂತ. ಮನುಷ್ಯಾಳು ಇಲ್ಲೇ ಕುಂತಾಳ."

ಸಿಂಧನೂರಿನಲ್ಲೇ ಇರುವ ನಮ್ಮ ಕಚೇರಿಯಿಂದ ಆಟೋ ಹಿಡಿದು ಆಸ್ಪತ್ರೆಗೆ ಹೋದೆ. ಅಕ್ಕ ಚಪ್ಪಲಿಯ ಪಟ್ಟಿ ಬಿಚ್ಚಿಟ್ಟು ಬೆಂಚಿನ ಮೇಲೆ ಕೂತಿದ್ದಳು. ಬಾತ ಕಾಲು ಅದರೊಳಗೆ ಹಿಡಿಸುತ್ತಿರಲಿಲ್ಲ. ಡಯಾಲಿಸಿಸ್ ಯಂತ್ರ ನಡೆಸುವ ಹುಡುಗ ಪರದೆಯನ್ನು ನನ್ನ ಕಡೆ ತಿರುಗಿಸಿದ. "ನೀವೇ ನೋಡ್ರಿ ಮೇಡಂ. ಕಾರ್ಡಿನ ನಂಬರ್ ಹಾಕಿದ್ರ ಹಿಂಗ ಬರಾಕತ್ತೈತಿ, ಮುಂದ ಹೋಗವಲ್ದು. ದೊಡ್ಡ ಡಾಕ್ಟ್ರು ರಾಯಚೂರಿಗೆ ಹೋಗ್ಯಾರ, ನಾಳೆ ಬರ್ತಾರ. ಅವರ ಮಾತಿಲ್ದ ನಾ ಮಶೀನ್ ಹಚ್ಚಾಂಗಿಲ್ರಿ."

ಪರದೆಯ ಮೇಲೆ ಇತ್ತು: ಈ ಫಲಾನುಭವಿ ಈಗ ಬೇರೆ ರಾಜ್ಯದಲ್ಲಿ ನೋಂದಾಯಿತರು. ಆ ವಾಕ್ಯ ಬರೆದವಳು ನಾನು. ಚಿಕ್ಕದಾಗಿರಲಿ ಎಂದು ಎರಡು ಸಲ ತಿದ್ದಿದ್ದೆ.

"ಖರೇನ ಹೋಗೀನೇನ್ ಬೇ ನಾ?" ಎಂದಳು ಅಕ್ಕ, ಉಸಿರು ಬಿಟ್ಟು ಬಿಟ್ಟು. "ಹೋಗಿದ್ರ ಅಲ್ಲಿ ಹೊಟ್ಟಿ ತುಂಬ ನೀರರ ಕುಡೀತಿದ್ದೆ." ದಿನಕ್ಕೆ ಇಷ್ಟೇ ಲೋಟ ನೀರು ಎಂದು ಅಳೆದು ಕುಡಿಯುವವಳ ಜೋಕು ಅದು. ಆಮೇಲೆ ಕೇಳಿದಳು: "ನಿನಗ ಏನರ ಸುದ್ದಿ ಬಂದಿತ್ತೇನು?"

"ಇಲ್ಲಕ್ಕ" ಎಂದೆ. ಆ ಗಳಿಗೆಯಲ್ಲಿ ಅದು ನಿಜವೆಂದೇ ಅಂದುಕೊಂಡಿದ್ದೆ.

ಕಚೇರಿಗೆ ಓಡಿ ಜೋಡಿಗಳ ಪಟ್ಟಿ ತೆರೆದೆ. ಅಜ್ಜಿಯ ಹೆಸರು ಎರಡು ಸಲ, ಜೂನ್ ಒಂದು ಎರಡು ಸಲ, ಗುರುಗುಂಟಾ ಎರಡು ಸಲ. ಕೊನೆಯ ಅಂಕಣದಲ್ಲಿ, ನೋಟಿಸ್ ಹೋದ ನಂಬರು: ನನ್ನದು. ಫೋನು ತೆಗೆದು ಹಿಂದಕ್ಕೆ ಹಿಂದಕ್ಕೆ ಹೋದೆ. ತಂಡದವರಿಗೆಲ್ಲ ಪರೀಕ್ಷೆಗೆಂದು ಕಳಿಸುವ ಮೆಸೇಜುಗಳು ಒಂದೇ ತಲೆಬರಹದಲ್ಲಿ ದಿನಕ್ಕೆ ಹತ್ತಾರು ಬರುತ್ತಿದ್ದವು, ಯಾವುದನ್ನೂ ಓದುತ್ತಿರಲಿಲ್ಲ. ಅವುಗಳ ನಡುವೆ ಅದೂ ಇತ್ತು. ಬಂದು ಎಂಟು ದಿನವಾಗಿತ್ತು. ನಿನ್ನೆಗೆ ನನ್ನ ಏಳು ದಿನ ಮುಗಿದಿತ್ತು.

ಒಂದು ಮಾತನ್ನು ಮುಚ್ಚಿಡದೆ ಬರೆಯಬೇಕು: ಮೊದಲು ಬಂದ ಭಯ ಅಕ್ಕನದ್ದಲ್ಲ. ಈ ಅಂಕಣ ಇನ್ನು ಯಾರಿಗೆ ಕಾಣುತ್ತದೆ ಎಂಬ ಭಯ. ಅಕ್ಕ ಸತ್ತರೆ ಎಂಬುದು ಅದರ ಹಿಂದೆ ಬಂತು. ಹಿಂದೆ ಬಂದದ್ದು ಮುಂದಿನದನ್ನು ನುಂಗಿತು ನಿಜ, ಆದರೆ ಹಿಂದೆಯೇ ಬಂತು.

"ಜೋಡಣೆ ಬಿಡಿಸಬೇಕು ಸರ್."

"ಇಬ್ಬರೂ ಬೆರಳು ಒತ್ತಬೇಕಲ್ಲಮ್ಮ. ಆ ಕಡೆ ಕೇಂದ್ರಕ್ಕೆ ಇವತ್ತು ರಜೆ" ಎಂದರು ಮುಖ್ಯಸ್ಥರು. ನಿಯಮ ಯಾರದೆಂದು ಅವರು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಸಣ್ಣಕ್ಕನಿಗೆ ಫೋನು ಮಾಡಿದೆ. "ಕಣ್ಣಿಗೆ ಪಟ್ಟಿ ಕಟ್ಯಾರಲೇ, ಬೆರಳಿಗೆ ಕಟ್ಟಿಲ್ಲ. ನಾಳೆ ಮುಂಜಾನಿ ಬಾಗ್ಲಾ ತೆಗಿಯೂಕಿಂತ ಮೊದ್ಲ ಹೋಗಿ ನಿಂದರ್ತೀನಿ" ಎಂದಳು. ಆಮೇಲೆ ಧ್ವನಿ ಇಳಿಸಿ, "ನನ್ನ ಕಣ್ಣಿನ ಸಲುವಾಗಿ ಆಕಿ ಜೀವಕ್ಕ ಬಂತೇನ್ ಬೇ?" ಎಂದಳು. ಅಲ್ಲಕ್ಕ, ನಿನ್ನಿಂದಲ್ಲ ಎಂದೆ.

ಆಸ್ಪತ್ರೆಯವರು ಅಕ್ಕನಿಗೆ ಆಕ್ಸಿಜನ್ ಹಚ್ಚಿ ವಾರ್ಡಿನಲ್ಲಿ ಇಟ್ಟುಕೊಂಡರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ದಿಂಬಿಗೆ ಒರಗಿ ಕೂತೇ ಇದ್ದಳು. ಪಕ್ಕದಲ್ಲಿ ಕೂತು ಅವಳ ಎದೆ ಏರುವುದನ್ನು ನೋಡುತ್ತಿದ್ದೆ. ಇಳಿದದ್ದು ಮತ್ತೆ ಏರುವ ತನಕ ನನ್ನ ಉಸಿರು ನಿಲ್ಲುತ್ತಿತ್ತು. ಕಾಲಿನ ಮೇಲೆ ಬೆರಳು ಒತ್ತಿದರೆ ಬಿದ್ದ ಕುಣಿ ಹಾಗೇ ಉಳಿಯುತ್ತಿತ್ತು. ಮಾಮ ಗೋಡೆಗೆ ಹೊಂದಿ ನಿಂತು, ಜೇಬಿನಲ್ಲಿದ್ದ ಅಳತೆ ಟೇಪನ್ನು ಸುತ್ತುವುದು, ಬಿಚ್ಚುವುದು, ಸುತ್ತುವುದು ಮಾಡುತ್ತಿದ್ದ.

ಮರುದಿನ ಬೆಳಿಗ್ಗೆ ದೊಡ್ಡ ಡಾಕ್ಟರು ಬಂದರು. ಅಕ್ಕನ ಕಾಲು ನೋಡಿದರು, ಪರದೆ ನೋಡಲಿಲ್ಲ. "ಮೊದ್ಲ ಮಶೀನಿಗೆ ಹಚ್ರಿ. ಈಕಿ ಯಾವ ರಾಜ್ಯದಾಕಿ ಅಂತ ಆಮ್ಯಾಲ ಕೇಳೂಣು." ಬೀರುವಿನಿಂದ ಹಳೆಯ ಉದ್ದನೆಯ ರಿಜಿಸ್ಟರ್ ತೆಗೆಸಿ, ಪೆನ್ನಿನಿಂದ ಒಂದು ಸಾಲು ಬರೆದು ಸಹಿ ಹಾಕಿದರು. ನಮ್ಮ ಇಡೀ ನಕ್ಷೆಯಲ್ಲಿ ಆ ಒಂದು ಸಾಲಿಗೆ ಜಾಗ ಇರಲಿಲ್ಲ.

ರಕ್ತ ಕೊಳವೆಯಲ್ಲಿ ಹರಿಯಲು ಶುರುವಾದ ಮೇಲೆ ನಮ್ಮ ಕಚೇರಿಯವನೊಬ್ಬ ಬೆರಳಚ್ಚಿನ ಯಂತ್ರ ಹಿಡಿದು ಬಂದ. ಆಚೆ ಸಣ್ಣಕ್ಕ ಅಷ್ಟರಲ್ಲಿ ಒತ್ತಿಯಾಗಿತ್ತು. ಅಕ್ಕನ ಹೆಬ್ಬೆರಳು ಹೊಲಿಗೆಯ ಸೂಜಿಯಿಂದ ಸವೆದದ್ದು, ಮೇಲೆ ಬಾವು. ಮೂರು ಸಲ ಯಂತ್ರ ಒಪ್ಪಲಿಲ್ಲ. ನಾಲ್ಕನೆಯ ಸಲ ನನ್ನ ಓಢಣಿಯಿಂದ ಒರೆಸಿ ಒತ್ತಿಸಿದೆ. ಹಸಿರು ಗುರುತು ಬಂತು. ಮಾಮ ಚಹಾಕ್ಕೆ ಹೋಗಿದ್ದ.

"ಮೊಬೈಲ್ ನಂಬರ್ರೀ ಯವ್ವಾ?"

ಅಕ್ಕ ತಡೆಯದೆ ನನ್ನ ನಂಬರು ಹೇಳಿದಳು, ಮಗ್ಗಿಯ ಹಾಗೆ.

ಅವನು ಪರದೆ ನೋಡುತ್ತಲೇ ಹೇಳಿದ: "ಹಿಂದಿನ ನೋಟಿಸ್ ಹೋಗಿದ್ದೂ ಇದಕ್ಕ ನೋಡ್ರಿ. ಇದನ್ನ ಇಡ್ಲೋ, ಬದಲಿ ಮಾಡ್ಲೋ?"

ಅಕ್ಕ ನನ್ನ ಕಡೆ ತಿರುಗಿದಳು. "ಅದನ್ನ ಇಡ್ರಿ. ಆಕಿ ಓದಿದಾಕಿ" ಎಂದಳು.

ಇದಾದ ಮೇಲೆ ಕಚೇರಿಯಲ್ಲಿ ಏಳು ದಿನವನ್ನು ಹದಿನೈದು ಮಾಡಿದರು. ಸುಮ್ಮನಿದ್ದರೆ ಒಪ್ಪಿದ ಹಾಗೆ ಎಂಬುದು ಹಾಗೇ ಇದೆ. ಪಟ್ಟಿಯಲ್ಲಿ ಗೊರೇಬಾಳ ಎಂಬ ಹಳ್ಳಿಯ ಎಷ್ಟೋ ಹೆಸರುಗಳ ಎದುರು ಒಂದೇ ನಂಬರು, ಅರ್ಜಿ ತುಂಬಿಕೊಟ್ಟ ಆನ್‌ಲೈನ್ ಅಂಗಡಿಯವನದು. ತೋರಿಸಿದೆ. ಈ ಸಲವೂ ನಿಂತೇ ವಾದಿಸಿದೆ, ಸೋತೆ. ಮುಂದಿನ ಹಂತದಲ್ಲಿ ನೋಡೋಣ ಎಂದರು. ಅಕ್ಕನ ನೋಟಿಸ್ ಬಂದದ್ದು ಯಾರಿಗೆ ಎಂದು ಅಲ್ಲಿ ಯಾರೂ ಕೇಳಿಲ್ಲ, ನನಗೇ ಎಂದು ನಾನೂ ಹೇಳಿಲ್ಲ. ಹೇಳಿದರೆ ನನ್ನ ವಾದ ಗೆಲ್ಲುತ್ತದೆ, ನಾನು ಕೆಲಸದಲ್ಲಿ ಉಳಿಯುವುದಿಲ್ಲ. ಈಗ ಫೋನು ಗುಂಯ್ ಎಂದರೆ ಸಾಕು, ಉಣ್ಣುವ ತುತ್ತು ಬಿಟ್ಟು ಓದುತ್ತೇನೆ.

ಶುಕ್ರವಾರಗಳಂದು ಅಕ್ಕನ ಜೊತೆ ನಾನೇ ಕೂರುತ್ತೇನೆ. ಮಾಮನಿಗೆ ಆಕೆ ಏನೂ ಹೇಳಿಲ್ಲ, ಅವನು ಇನ್ನೂ ಸಾಹೇಬ್ರ ಎಂದೇ ಕಾಡಿಸುತ್ತಾನೆ. ಹೋದ ಶುಕ್ರವಾರ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆಕೆ ಕಣ್ಣು ಮುಚ್ಚಿದ್ದಳು; ನಿದ್ದೆ ಬಂದಿರಲಿಲ್ಲ, ಹೆಬ್ಬೆರಳು ಹೊದಿಕೆಯ ಅಂಚಿನ ಹೊಲಿಗೆಯನ್ನು ಸವರುತ್ತಿತ್ತು. ಆಗ ಕೇಳಿದೆ:

"ಅಕ್ಕಾ, ಸುದ್ದಿ ನನಗ ಬಂದಿತ್ತು, ನಾ ಓದಲಿಲ್ಲ ಅಂತ ಗೊತ್ತಾದ ಮ್ಯಾಲೂ ನನ್ನ ನಂಬರನ್ನ ಯಾಕ ಇಡಿಸಿದಿ?"