ಅತ್ತಿಯ ಕಾಲುಂಗುರ

ನಮ್ಮ ಅತ್ತಿಯ ಬಲಗಾಲಿನ ಬೆರಳು ಕೆಟ್ಟದ್ದು ಥಂಡಿಯಿಂದಲ್ಲ, ಕಾಲುಂಗುರದಿಂದ. ಓಣಿಯವರು ಥಂಡಿ ಅಂದರು, ಬೀಗರು ಥಂಡಿ ಅಂದರು, ಈಗಿನ ಮೊಮ್ಮಕ್ಕಳಿಗೂ ಅದನ್ನೇ ಹೇಳಿಕೊಟ್ಟಾರ. ಆ ಕಾಲು ದಿನಾ ತಿಕ್ಕಿದಾಕಿ ನಾನು. ನನಗ ಗೊತ್ತು.

ಥಂಡಿ ಇರಲೇ ಇಲ್ಲ ಅಂತಲ್ಲ. ಅತ್ತಿಯ ಕೈಕಾಲು ಮೊದಲಿಂದಲೂ ತಣ್ಣಗ. ಬ್ಯಾಸಗ್ಯಾಗ ಮಂದಿ ಬೀಸಣಿಕಿ ಹುಡುಕೂ ಹೊತ್ತಿನ್ಯಾಗ ಅವರು ಧಾರವಾಡದ ಆ ಮನಿಯ ಮೂಲ್ಯಾಗ ಕೌದಿ ಹೊದ್ದು ಕೂಡತಿದ್ದರು. ಕೈ ಬೆಚ್ಚಗಾಗಲಿ ಅಂತ ನನ್ನ ಮಕ್ಕಳ ಹೊಟ್ಟಿ ಮ್ಯಾಲ ಇಟ್ಟರ, "ಅಜ್ಜಿ ಕೈ ಅಲ್ಲಬೇ, ಕಪ್ಪಿ!" ಅಂತ ಅವು ಚೀರಿ ಓಡತಿದ್ದವು. ನಾನೂ ಮೊದಮೊದಲು ನಗತಿದ್ದೆ. ಆಮ್ಯಾಲ ಆ ಕೈಕಾಲು ಬೆಚ್ಚಗಿಡೂ ಕೆಲಸ ನನ್ನ ಪಾಲಿಗೆ ಬಂತು, ನಗು ಹೋತು.

ಕೆಲಸ ಅಂದರ ಹಿಂಗ. ಮುಂಜಾನೆ ಒಲಿ ಹೊತ್ತಿಸಿದ ಕೂಡಲೆ ಬಿಸಿ ಬೂದ್ಯಾಗ ಒಂದು ಇಟ್ಟಂಗಿ ಹುಗಿಯೂದು. ಮಾವನವರದು ಹುಬ್ಬಳ್ಳಿಯ ದುರ್ಗದಬೈಲಿನ್ಯಾಗ ಹತ್ತಿಕಾಳಿನ ಅಂಗಡಿ. ಅವರು ಮುಂಜಾನಿ ರೈಲು ಗಾಡಿ ಹಿಡಿಯೂದರೊಳಗ ರೊಟ್ಟಿ ಬಡಿದು ಕಟ್ಟೂದು. ಅವರು ಹೊಂಟ ಮ್ಯಾಲ ಇಟ್ಟಂಗಿಯನ್ನು ಹಳೇ ಧೋತರದಾಗ ಸುತ್ತಿ ಅತ್ತಿಯ ಕಾಲಬುಡಕ ಇಡೂದು. ಕುಸುಬಿ ಎಣ್ಣ್ಯಾಗ ಬಳ್ಳೊಳ್ಳಿ, ಅಜವಾನ ಹಾಕಿ ಕಾಸಿ, ಮೊಣಕಾಲಿಂದ ಕೆಳಗ ತಿಕ್ಕೂದು. ಮಧ್ಯಾಹ್ನ ಬೋಗುಣ್ಯಾಗ ಬಿಸಿನೀರು. ಸಂಜಿಗೆ ಮತ್ತ ಇಟ್ಟಂಗಿ. ಯುದ್ಧದ ಕಾಲ. ಸೀಮಿ ಎಣ್ಣಿ ಕಣ್ಣಿಗೆ ಬೀಳತಿರಲಿಲ್ಲ, ಕಟಗಿ ತುಟ್ಟಿ. ಕುಳ್ಳು ಊದಿ ಊದಿ ನನ್ನ ಕಣ್ಣು ಕೆಂಪಾಗಿರತಿದ್ದವು. ಆ ಚಳಿಗಾಲ ನನಗ ಅವರ ಕಾಲಿಗಿಂತ ಹೆಚ್ಚು ನನ್ನ ಸೊಂಟದ ನೋವಿನ್ಯಾಗ ನೆನಪೈತಿ.

ಅದೇ ಚಳಿಗಾಲ ಮಾವನವರಿಗೆ ಕೆಮ್ಮು ಹತ್ತಿತು. ಅವರು ಕೆಮ್ಮಿದಾಗೆಲ್ಲ ಅತ್ತಿ ತಮ್ಮ ತಾಳಿ ಮುಟ್ಟಿ ನೋಡಿಕೋತಿದ್ದರು.

ಬಲಗಾಲಿನ ಹೆಬ್ಬೆರಳ ಮಗ್ಗಲದ ಬೆರಳು ಬ್ಯಾರೆ ಬೆರಳಿನಂಗ ಇಲ್ಲ ಅನ್ನೂದು ತಿಕ್ಕುವಾಗ ನನ್ನ ಕೈಗೆ ಗೊತ್ತಾತು. ಉಳಿದವು ತಿಕ್ಕಿದರ ಒಂದೀಟು ಬೆಚ್ಚಗ ಆಗತಿದ್ದವು, ಇದು ಆಗಲೊಲ್ಲದು. ಬೆಳಕಿಗೆ ಹಿಡಿದು ನೋಡಿದರ ನೀಲಿಗಟ್ಟೈತಿ. ನೀಲಿ ಎಲ್ಲಿಂದ ಸುರು ಅಂದರ ಉಂಗುರದ ಅಂಚಿನಿಂದ. ಉಂಗುರದ ಹಿಂದಿನ ತೊಗಲು ಛಲೋ ಇತ್ತು.

ಆ ಉಂಗುರದ ಕತಿ ಹಿಂಗೈತಿ. ಅತ್ತಿ ಸೊಸಿಯಾಗಿ ಬಂದ ಹೊಸದಾಗಿ ಹಳ್ಳದ ಕೆಸರಿನ್ಯಾಗ ಒಂದು ಕಾಲುಂಗುರ ಜಾರಿ ಹೋಗಿತ್ತಂತ. ಅವರ ಅತ್ತಿ ಅಪಶಕುನ ಅಂತ ಅತ್ತು ಕರೆದು, ಪತ್ತಾರನ ಕಡೆಯಿಂದ ಹೊಸಾದು ಮಾಡಿಸಿ, ಮತ್ತ ಜಾರಬಾರದು ಅಂತ ಉಂಗುರದ ತೆರೆದ ಬಾಯಿ ಬೆಸೆಸಿ, ಎಣ್ಣಿ ಹಚ್ಚಿ ಬೆರಳಿಗೆ ತೂರಿಸಿದ್ದರು. ಆಗ ಹುಡುಗಿ ಬೆರಳು. ಆಮ್ಯಾಲ ಹಡೆದರು, ಮೈ ಬಂತು, ಕಾಲು ಬಾತವು. ಬೆರಳು ಬೆಳೀತು, ಬೆಳ್ಳಿ ಬೆಳೀಲಿಲ್ಲ. ನಾ ಶೇಕ ಕೊಟ್ಟಷ್ಟೂ ಬೆರಳು ಬಾಯತಿತ್ತು. ಎಲ್ಲಾರೂ ನನಗ ಹೇಳತಿದ್ದದ್ದು, ಇನ್ನಷ್ಟು ಶೇಕ ಕೊಡು.

"ಅತ್ತೀ, ಇದು ಥಂಡಿ ಅಲ್ರಿ. ಉಂಗುರ ಬಿಗದೈತ್ರಿ. ತಗಸೋಣ್ರಿ" ಅಂದೆ.

"ಮೊದಲ ನಿನ್ನ ನಾಲಿಗಿ ಬಿಗಿ ಹಿಡಿ. ಗಂಡ ಇದ್ದಾಕಿ ಕಾಲುಂಗುರ ತಗೀತಾಳೇನ? ಅದೂ ಅವರು ಹಿಂಗ ಕೆಮ್ಮುವಾಗ?"

"ಬೆರಳ ಹೋದರ ಉಂಗುರ ಎಲ್ಲಿ ಹಾಕೋತೀರಿ?"

"ಮಗ್ಗಲದಾಗ ಇನ್ನೊಂದ ಬೆರಳೈತಿ."

ನಾನು ಮತ್ತ ಎಣ್ಣಿ ಹಚ್ಚಿದೆ.

ಒಂದು ದಿನ ಮಾವನವರು ಗಾಡಿಗೆ ಹೋದ ಮ್ಯಾಲ ನೋಡತೇನಿ, ಧೋತರ ಸರಿದು ಸುಡೂ ಇಟ್ಟಂಗಿ ಅದೇ ಬೆರಳಿಗೆ ಹತ್ತಿ ಕುಂತೈತಿ. ಗುಳ್ಳಿ ಎದ್ದೈತಿ. ಅತ್ತಿ ಆರಾಮ ಅವರಿಕಾಯಿ ಬಿಡಿಸಾಕತ್ತಿದ್ದರು.

"ಕಾಲು ಸುಟ್ಟೈತ್ರಿ!"

"ಯಾರದು?" ಅಂದರು.

ನಾನು ಕಾಲು ಎತ್ತಿ ತೋರಿಸಿದೆ. ಅವರು ಗುಳ್ಳಿ ನೋಡಿದರು. ಉಗುರಿನಿಂದ ಬೆರಳು ಚಿವುಟಿಕೊಂಡರು. ಮತ್ತ ಚಿವುಟಿದರು. ಅವತ್ತು ಮೊದಲನೇ ಸಲ ಅವರ ಮಾರಿ ಮ್ಯಾಲ ಅಂಜಿಕಿ ನೋಡಿದೆ. "ಹಿಂಗ ಬಿಟ್ಟರ ಕಾಲಿಗೆ ಏರತೈತ್ರಿ" ಅಂದೆ. ಅವರಿಗೂ ತಿಳಿದಿತ್ತು.

"ಪತ್ತಾರನ್ನ ಕರೀಬ್ಯಾಡ. ಸಂಜಿಯೊಳಗ ಊರಿಗೆಲ್ಲ ಹೇಳತಾನ" ಅಂದರು.

ಹಿತ್ತಲ ಗ್ವಾಡಿ ಆಚೆ ತಗಡಿನ ಡಬ್ಬಿ, ಬಕೀಟು ಮಾಡೋವರ ಮನಿ ಇತ್ತು. ಆ ಮನಿಯ ಹೆಣಮಗಳಿಗೆ ನಾವೆಲ್ಲ ಖಾಲಾ ಅಂತಿದ್ದಿವಿ. ನಾ ಕರೆದ ಕೂಡಲೆ ಗಂಡನ ತಗಡಿನ ಕತ್ತರಿ ಸೆರಗಿನ್ಯಾಗ ಮುಚ್ಚಿಕೊಂಡು ಬಂದಳು. ನಾನು ತಲಬಾಗಿಲ ಹಾಕಿದೆ.

"ಮೊದಲ ಅರಿಷಿಣದ ದಾರ ಕಟ್ಟು, ಆಮ್ಯಾಲ ಕತ್ತರಸಲಿ" ಅಂದರು ಅತ್ತಿ. "ಒಂದು ಗಳಿಗಿ ಸೈತ ಬೆರಳು ಬರೇ ಇರಬಾರದು."

"ಎರಡು ಎಳಿ ಕಟ್ಟಸ್ರಿ ಅವ್ವಾರ" ಅಂದಳು ಖಾಲಾ, "ಯಜಮಾನರು ಇನ್ನೂ ನಾಕು ದಿನ ಜಾಸ್ತಿ ಬದಕಲಿ."

"ನಿನ್ನ ಬಾಯಿಗೆ ಕಟ್ಟಬೇಕು ದಾರ."

ಉಂಗುರ ಮಾಂಸದಾಗ ಹೂತಿತ್ತು. ಚಮಚದ ಹಿಡಿಕಿ ತೂರಿಸಿ ಎಬ್ಬಿಸಿ, ಖಾಲಾ ಕತ್ತರಿ ಒತ್ತಿದಳು. ಕತ್ತರಿಸುವಾಗ ಅತ್ತಿ ಹೂಂ ಅನಲಿಲ್ಲ. ಉಂಗುರ ಬಾಯಿ ಬಿಟ್ಟ ಮ್ಯಾಲ, ರಕ್ತ ಇಳಿಯಾಕ ಹತ್ತಿದ ಮ್ಯಾಲ ಚೀರಿದರು. "ಉರೀತೈತಿ, ಉರೀತೈತಿ!" ಖಾಲಾ ಅವರ ಕಾಲು ತನ್ನ ತೊಡಿ ಮ್ಯಾಲ ಹಿಡಕೊಂಡು, "ಉರೀಲಿ ಬಿಡ್ರಿ, ಜೀವ ಐತಿ ಅಂತ ಗೊತ್ತಾತು" ಅಂದಳು.

ಆ ಮ್ಯಾಲ ಇಡೀ ದಿನ ಅತ್ತಿ ಬಾಗಿಲ ನೋಡಿಕೋತ ಕುಂತರು. ಬೆರಳಿನ ನೋವಿನ ಮಾತೇ ಇಲ್ಲ. ಸಂಜಿ ಗಾಡಿ ಅವತ್ತೇ ತಡಾ ಆಗಬೇಕಿತ್ತು. ದೀಪ ಹಚ್ಚೂ ಹೊತ್ತಾತು, ಮಾವನವರು ಬರಲಿಲ್ಲ. ಅತ್ತಿ ನನ್ನ ರಟ್ಟಿ ಹಿಡಕೊಂಡು, "ನೀ ತಗಸಿದಿ, ನೀನ ತಗಸಿದಿ" ಅಂದರು. ಅವರ ಕೈ ಬರಫದಂಗ ಇತ್ತು. ನನಗ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಒಂದೀಟು ತ್ರಾಣ ಬೇಕು.

ಕೆಮ್ಮು ಮೊದಲು ಕೇಳಿತು, ಚಪ್ಪಲ್ಲಿನ ಸಪ್ಪಳ ಆಮ್ಯಾಲ. ಮಾವನವರು ಒಳಗ ಬಂದು ಕಾಲು ತೊಳಕೊಂಡು, ಹಳದಿ ದಾರ ಕಟ್ಟಿದ ಆ ಬೆರಳು ನೋಡಿದರು.

"ಇದೇನ?"

ನಾನು ಹೇಳಿದೆ, ಇದ್ದದ್ದು ಇದ್ದಂಗ.

"ನನ್ನ ಆಯುಷ್ಯ ಇಕೀ ಬೆರಳಿನ್ಯಾಗಿತ್ತೇನ?" ಅಂದರು ಮಾವನವರು. "ಮೊದಲ ಹೇಳಿದ್ದರ ಇಷ್ಟು ದಿನ ಕಹೀ ಕಷಾಯ ಕುಡೀತಿರಲಿಲ್ಲ." ಅಷ್ಟ ಅಂದು ಉಣ್ಣಾಕ ಕುಂತರು. ಅತ್ತಿ ಸೆರಗಿನ್ಯಾಗ ಮಾರಿ ಮುಚ್ಚಿಕೊಂಡರು.

ಬೆರಳಿನ ತುದಿ ಉಳೀಲಿಲ್ಲ. ಒಣಗಿ ಕರ್ರಗಾಗಿ ಬಿತ್ತು. ಕಾಲು ಉಳೀತು. ಕೈ ಕಡೀತನಕ ತಣ್ಣಗ ಇದ್ದವು, ಇಟ್ಟಂಗಿ ಕಾಸೂದೂ ತಪ್ಪಲಿಲ್ಲ. ಮಾವನವರು ಆಮ್ಯಾಲೂ ಬಹಳ ವರ್ಷ ಕೆಮ್ಮಿದರು.

ಉಂಗುರ ಕತ್ತರಿಸಿದ ಮರುದಿನ ಮುಂಜಾನೆ ಎದ್ದು ಒಲಿ ಹೊತ್ತಿಸಿದೆ, ಇಟ್ಟಂಗಿ ಹುಗಿದೆ, ರೊಟ್ಟಿ ಬಡಿದು ಮಾವನವರನ್ನು ಗಾಡಿಗೆ ಕಳಿಸಿದೆ. ಆಮ್ಯಾಲ ಬಚ್ಚಲದಾಗ ಕುಂತು, ಕಾಲಿಗೆ ಸಬಕಾರ ಹಚ್ಚಿ ನನ್ನ ಕಾಲುಂಗುರ ಒಂದೊಂದ ತಿರುವಿ ನೋಡಿದೆ. ಎಲ್ಲಾ ತಿರುಗಿದವು, ಎಡಗಾಲಿಂದು ಒಂದು ತಿರುಗಲಿಲ್ಲ. ಕಾಲು ಒರಸಿಕೊಂಡು ಹಿತ್ತಲ ಬಾಗಿಲ ತಗದೆ.

"ಖಾಲಾನ ಮನೀಗೇನ?" ಅಂದರು ಅತ್ತಿ, ಹಾಸಿಗ್ಯಾಗಿಂದನ.

"ಹೌದ್ರಿ."

"ದೇವರ ಮಾಡದಾಗ ದಾರ ಐತಿ. ತಗೊಂಡ ಹೋಗು."

ತಗೊಂಡ ಹೋದೆ.