ತಾಂಡೂರಿನಿಂದ ತಂದ ಉಡಿ ಅಕ್ಕಿ

"ಮಕ್ಕಳೆಷ್ಟ್ರೀ?"

ನಾರಾಯಣಖೇಡದ ಪಕ್ಕದ ಈ ಹಳ್ಳಿಯಲ್ಲಿ ನನ್ನ ಬೀರು ಇನ್ನೂ ಲಾರಿಯಿಂದ ಇಳಿದಿರಲಿಲ್ಲ. ಹೆಸರು ಕೇಳುವ ಮೊದಲೇ ಮನೆಯೊಡತಿ ಸಂಗಮ್ಮ ಕೇಳಿದ್ದು ಇದನ್ನು. ಇಲ್ಲ ಎಂದೆ.

"ಒಂದೂ?"

"ಮದುವೆಯೇ ಆಗಲಿಲ್ಲಮ್ಮ."

ಆಕೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ನೋಡಲು ನೆರೆದಿದ್ದ ಹೆಂಗಸರಿಗೆ ಕೂಗಿ ಹೇಳಿದಳು: "ಇಲ್ಲಂತ್ರೆವ್ವಾ, ಒಂದೂ ಇಲ್ಲಂತ!"

ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಅಲ್ಲೇ ಇಂಗ್ಲಿಷ್ ಪಾಠ ಹೇಳಿ ಮುದುಕಿಯಾದವಳು ನಾನು. ಜೀವಮಾನವಿಡೀ ನೆರೆಯಲ್ಲಿದ್ದವರು ಕೂಡ ಅಲ್ಲಿ ನನ್ನನ್ನು ಈ ಪ್ರಶ್ನೆ ಕೇಳಲಿಲ್ಲ. ಅದನ್ನು ಡಿಗ್ನಿಟಿ ಎಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಬಹುಶಃ ಯಾರಿಗೂ ಅಷ್ಟು ಕುತೂಹಲವೇ ಇರಲಿಲ್ಲ.

ತಮ್ಮನ ಮಗಳು ಆಶಾಳಿಗೆ ಇಲ್ಲಿನ ಬ್ಯಾಂಕಿಗೆ ವರ್ಗವಾಯಿತು. "ಆಂಟಿ, ಒಬ್ಬಳೇ ಏನು ಮಾಡ್ತೀರಿ, ಬನ್ನಿ" ಎಂದಳು. ಸಂಗಮ್ಮನ ಮಹಡಿಯ ಬಾಡಿಗೆ ಮನೆಗೆ ಬಂದೆ. ರಾಜ್ಯ ಬೇರೆ, ಕಿವಿಗೆ ಬಿದ್ದದ್ದು ಕನ್ನಡವೇ. ಆದರೆ ನನ್ನ ಕನ್ನಡವಲ್ಲ. ಸಂಗಮ್ಮ ಆಫೀಸಿನವರ ಜೊತೆ ತೆಲುಗು, ಬಳೆ ಮಾರುವವಳ ಜೊತೆ ಉರ್ದು ಮಾತಾಡುತ್ತಾಳೆ. ಕುರಿಗಳಿಗೆ ಬೈಯುವಾಗ ಮಾತ್ರ ಅಪ್ಪಟ ಕನ್ನಡ. ಜೋಳದ ರೊಟ್ಟಿ ನನ್ನ ಕಟ್ಟಿಸಿದ ಹಲ್ಲಿಗೆ ಬಗ್ಗುವುದಿಲ್ಲ. ತೊಗರಿಬೇಳೆಯಲ್ಲಿ ನೆನೆಸಿ ಕೊಡುತ್ತಾಳೆ. ಮಧ್ಯಾಹ್ನ ಆಶಾ ಬ್ಯಾಂಕಿನಲ್ಲಿರುತ್ತಾಳೆ, ಕುರಿಗಳು ಮೇಯಲು ಹೋಗಿರುತ್ತವೆ. ಆ ಮೌನಕ್ಕೆ ನಾನಿನ್ನೂ ಒಗ್ಗಿಲ್ಲ. ಮೈಸೂರಿನಲ್ಲಿ ಕೊನೇಪಕ್ಷ ಚರ್ಚಿನ ಗಂಟೆ ಕೇಳುತ್ತಿತ್ತು.

ಒಂದು ದಿನ ನಾನೂ ತಿರುಗಿ ಕೇಳಿದೆ. "ನಿನಗೆಷ್ಟು ಮಕ್ಕಳಮ್ಮ?"

"ಎರಡ್ರಿ," ಎಂದಳು ಸಂಗಮ್ಮ, ತಟ್ಟನೆ.

ಕುರಿಯ ಉಣ್ಣೆ ಕತ್ತರಿಸುತ್ತಿದ್ದ ಅವಳ ಗಂಡ ಭೀಮಣ್ಣ ತಲೆ ಎತ್ತದೆ ಹೇಳಿದ, "ಹಡದದ್ದು ಮೂರು."

ಇಲ್ಲಿ ಪಂಚಾಯಿತಿ ಅಧ್ಯಕ್ಷರಿಗೆ ಸರ್ಪಂಚ್ ಎನ್ನುತ್ತಾರೆ. ಮೂರನೆಯ ಮಗುವಾದವರು ಆ ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ಕಾಯ್ದೆಯಿತ್ತು. ಹಿಂದಿನ ಚುನಾವಣೆಯಲ್ಲಿ ಸೀಟು ಹೆಂಗಸರಿಗೆ ಮೀಸಲಾದಾಗ, ಮನೆಯ ಹಿರಿಯರು ಸಂಗಮ್ಮನನ್ನು ನಿಲ್ಲಿಸಬೇಕೆಂದರು. ಅವಳಾದರೋ ಆಗಷ್ಟೇ ಮೂರನೆಯ ಹೆಣ್ಣು ಹೆತ್ತು ಆಪರೇಷನ್ ಮಾಡಿಸಿಕೊಂಡಿದ್ದಳು. ಭೀಮಣ್ಣನ ಅಣ್ಣ ತಾಂಡೂರಿನಲ್ಲಿ ಫರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು, ಪಾಲಿಷ್ ಮಾಡುವ ಕೆಲಸದಲ್ಲಿದ್ದ. ಅವನ ಹೆಂಡತಿ ಮಲ್ಲಮ್ಮನಿಗೆ ಮಕ್ಕಳಿರಲಿಲ್ಲ. ಅತ್ತೆಯೇ ಮುಂದೆ ನಿಂತು ಕೂಸನ್ನು ಮಲ್ಲಮ್ಮನ ಉಡಿಯಲ್ಲಿ ಹಾಕಿಸಿದಳು. ನಾವು ಮಡಿಲು ಎನ್ನುವುದೇ ಇಲ್ಲಿ ಉಡಿ. ಅಕ್ಕಿ, ಅರಿಶಿನ, ಕೊಬ್ಬರಿ, ಅವುಗಳ ಮೇಲೆ ಕೂಸು.

ಆಮೇಲೆ ಎದುರಾಳಿ ತಕರಾರು ತೆಗೆದ. ಕಾಯ್ದೆ ಎಣಿಸುವುದು ಹೆತ್ತದ್ದನ್ನು, ಮಗು ಯಾರ ಉಡಿಯಲ್ಲಿದೆ ಎಂಬುದನ್ನಲ್ಲ ಎಂದು ಸಂಗಮ್ಮನ ನಾಮಪತ್ರ ತಿರಸ್ಕೃತವಾಯಿತು. ಉಡಿಯಲ್ಲಿ ಹಾಕಿದ್ದನ್ನು ವಾಪಸ್ ಕೇಳುವ ಪದ್ಧತಿ ಇಲ್ಲ.

"ಕುರಿ ಎಷ್ಟರೆ ಇರ್ಲಿ ಅಂತಾರ್ರಿ ಸರ್ಕಾರದವ್ರು. ಲೆಕ್ಕ ಮಕ್ಕಳದ್ದೇ," ಎಂದು ಭೀಮಣ್ಣ ನಕ್ಕ.

ಈಚೆಗೆ ಆ ಕಾಯ್ದೆ ತೆಗೆದುಹಾಕಿದರು. ಟಿವಿಯಲ್ಲಿ ದಕ್ಷಿಣದ ನಾಯಕರು ಹೆಚ್ಚು ಮಕ್ಕಳು ಬೇಕು ಎನ್ನುತ್ತಿದ್ದಾರೆ. ನಾನು ಸ್ಕೂಲಿಗೆ ಹೋಗುವಾಗ ಗೋಡೆಗಳ ಮೇಲೆಲ್ಲ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆದಿರುತ್ತಿತ್ತು; ಸಿಸ್ಟರ್‌ಗಳು ನಮ್ಮನ್ನು ಅತ್ತ ನೋಡಗೊಡದೆ ಸರಸರ ನಡೆಸುತ್ತಿದ್ದರು. ಆಗ ಸರ್ಕಾರಕ್ಕೆ ಅನ್ನ ಸಾಲದೇನೋ ಎಂಬ ಭಯ. ಈಗ ದುಡಿಯುವ ಕೈ ಸಾಲದೇನೋ, ನನ್ನಂಥ ಮುದುಕಿಯರನ್ನು ನೋಡಿಕೊಳ್ಳುವವರು ಯಾರು, ತಲೆ ಎಣಿಸಿ ಹಂಚಿದರೆ ದಿಲ್ಲಿಯಲ್ಲಿ ನಮ್ಮ ಸೀಟುಗಳೆಷ್ಟು ಉಳಿದಾವು ಎಂಬ ಭಯ. ಕೆಲವು ದೇಶಗಳಲ್ಲಿ ಹೆತ್ತರೆ ದುಡ್ಡು, ಉದ್ದನೆಯ ರಜೆ ಎಲ್ಲ ಕೊಡುತ್ತಾರಂತೆ. ಆದರೂ ಹೆಂಗಸರು ಮನಸ್ಸು ಮಾಡುತ್ತಿಲ್ಲವಂತೆ. ಮಕ್ಕಳು ಬೇಡ ಎಂದು ನಿರ್ಧರಿಸಿರುವ ಆಶಾ, "ಬೇಬೀಸ್ ಬೇಕು ಆಂಟಿ ಅವರಿಗೆ. ಅದನ್ನು ಬೆಳೆಸೋಳು ಬೆಳಗ್ಗೆ ಎಷ್ಟು ಹೊತ್ತಿಗೆ ಏಳಬೇಕು ಅಂತ ಯಾರೂ ಕೇಳಲ್ಲ" ಎನ್ನುತ್ತಾಳೆ. ಹೆದರಿಸುವಾಗಲೂ ಪುಸಲಾಯಿಸುವಾಗಲೂ ಸರ್ಕಾರ ಬಂದು ನಿಲ್ಲುವುದು ಅದೇ ಹೆಂಗಸಿನ ಹೊಸ್ತಿಲಲ್ಲಿ.

ಸಂಗಮ್ಮ ಟಿವಿ ನೋಡುತ್ತಾ ಹೇಳಿದಳು: "ಮೊನ್ನಿ ತನಕ ಬ್ಯಾಡ ಬ್ಯಾಡ ಅಂದ್ರು. ಈಗ ಹಡೀರಿ ಅಂತಾರ. ನಮ್ಮ ಹೊಟ್ಟಿ ಏನು ನಳ ಆದೇನ್ರಿ, ಬಂದ್ ಮಾಡಿ ಮತ್ತ ತಿರುವಾಕ?" ಟಿವಿ ಆರಿಸಿ ನನ್ನತ್ತ ತಿರುಗಿದಳು: "ತಾಂಡೂರಿಗಿ ಬರ್ತೀರೇನ್ರಿ ಆಯಿ? ನೀವು ಓದಿದವ್ರು. ಕಾಯ್ದೆ ಹೋಗ್ಯಾದ ಅಂತ ನೀವು ಹೇಳಿದ್ರ ಮಲ್ಲಮ್ಮಕ್ಕ ನಂಬ್ತಾಳ. ನನ್ನ ಕೂಸು ಅಂಬಿಕಾನ್ನ ಕರ್ಕೊಂಡ್ ಬರ್ತೀನಿ."

ಅಜ್ಜಿಗೆ ಇಲ್ಲಿ ಆಯಿ ಎನ್ನುತ್ತಾರೆ. ಮೇಡಂ ಆಗಿದ್ದವಳು ಆಯಿಯಾದದ್ದು ಅವತ್ತೇ. ಇಲ್ಲ ಎನ್ನಲಾಗಲಿಲ್ಲ.

ಜಹೀರಾಬಾದಿನ ತನಕ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಇಲ್ಲಿಯ ಸರ್ಕಾರಿ ಬಸ್ಸಿನಲ್ಲೂ ಹೆಂಗಸರಿಗೆ ಟಿಕೆಟ್ಟಿಲ್ಲ, ಆದರೆ ಇಲ್ಲಿಯವರಿಗೆ ಮಾತ್ರ. ಕಂಡಕ್ಟರ್ ನನ್ನ ಆಧಾರ್ ಕಾರ್ಡು ತಿರುಗಿಸಿ ನೋಡಿ, "ಇದು ಕರ್ನಾಟಕದ್ದು, ಟಿಕೆಟ್ ತಗೋರಿ ಅಮ್ಮಾ" ಎಂದ.

"ಬರಾಗ ನಾವು ಮೂರು ಮಂದಿ ಆಗ್ತೀವ್ರಿ," ಎಂದಳು ಸಂಗಮ್ಮ, ಅವನು ಕೇಳದಿದ್ದರೂ.

ತಾಂಡೂರಿನ ಆ ಓಣಿಯಲ್ಲಿ ಗೋಡೆ, ಬೇಲಿ, ಬಚ್ಚಲು ಎಲ್ಲ ಫರಸಿಯವೇ. ಬೇವಿನ ಎಲೆಯ ಮೇಲೂ ಕಲ್ಲಿನ ಪುಡಿ. ಮಲ್ಲಮ್ಮ ಚಹಾ ಕೊಟ್ಟಳು. ನಾನು ಬಾಯಿ ತೆರೆಯಬೇಕಾಗಲಿಲ್ಲ.

"ಕಾಯ್ದೆ ತೆಗದಾರಂತ ಕೇಳೀನಿ," ಎಂದಳು. "ಅವತ್ತಿನಿಂದ ಯಾರರೆ ಬಾಗಲಾ ಬಡದ್ರ ನೀನೇ ಬಂದಿ ಅಂತ ಎದಿ ಧಸಕ್ ಅಂತಿತ್ತು. ಇವತ್ತ ಬಂದಿ."

"ಅಕ್ಕಾ, ಈಗ ಯಾರೂ ಎಣಸಂಗಿಲ್ಲ. ನನ್ನ ಕೂಸು..."

"ಸರ್ಕಾರ ಬ್ಯಾಡ ಅಂದಾಗ ಕೊಟ್ಟಿ. ಸರ್ಕಾರ ಬೇಕು ಅಂದಾಗ ಒಯ್ತಿ. ನಡುವ ಆಕಿಗಿ ಜ್ವರ ಬಂದಾಗ ತಲಿ ಒತ್ತಿದವರು ಯಾರವ್ವ?"

ಆಗಲೇ ಶಾಲೆಯ ಚೀಲದೊಂದಿಗೆ ಅಂಬಿಕಾ ಓಡಿ ಬಂದಳು. "ಅವ್ವಾ, ಹಸಿವ್ಯಾಗ್ಯಾದ!" ಎಂದು ಮಲ್ಲಮ್ಮನ ಸೀರೆ ಹಿಡಿದವಳು ಸಂಗಮ್ಮನನ್ನು ಕಂಡು ಅರಳಿದಳು. "ಚಿಗವ್ವಾ! ಕುರಿಮರಿ ತಂದೀಯೇನು?" ಚಿಗವ್ವ ಎಂದರೆ ಚಿಕ್ಕಮ್ಮ.

ಮಲ್ಲಮ್ಮ ಒಳಗೆ ಹೋಗಿ ತಾಟು ತಂದಳು. ಅಕ್ಕಿ, ಕೊಬ್ಬರಿ, ಬೆಲ್ಲ, ಕುಪ್ಪಸದ ಬಟ್ಟೆ. ಮನೆಗೆ ಬಂದ ಮುತ್ತೈದೆ ಹೊರಟು ನಿಂತಾಗ ಉಡಿ ತುಂಬಿ ಕಳಿಸುವುದು ಇಲ್ಲಿಯ ರೀತಿ. ನಮ್ಮ ಲೋಟದಲ್ಲಿ ಚಹಾ ಇನ್ನೂ ಇತ್ತು. ಸೆರಗು ಒಡ್ಡಿದರೆ ತಾನು ಈ ಮನೆಗೆ ನೆಂಟಳು, ಬಂದ ಹಾಗೆ ಹೋಗುವವಳು ಎಂದು ಒಪ್ಪಿದಂತೆ. ಸಂಗಮ್ಮ ತಾಟನ್ನೇ ನೋಡುತ್ತಾ ಕೂತಳು. ಮಲ್ಲಮ್ಮ ಹಿಡಿ ಅಕ್ಕಿ ಎತ್ತಿ, ಮತ್ತೆ ತಾಟಿಗೇ ಹಾಕಿದಳು.

"ನಿನ್ನ ಚಿಗವ್ವಗ ನೀನೇ ಹಾಕವ್ವ," ಎಂದು ಅವಳು ತಾಟನ್ನು ಹುಡುಗಿಯ ಮುಂದಿಟ್ಟಳು.

ಸಂಗಮ್ಮ ಸೆರಗು ಒಡ್ಡಿದಳು.

ಅಂಬಿಕಾ ಆಟದಂತೆ ಹಿಡಿ ಹಿಡಿ ಸುರಿದಳು. "ಸಾಕವ್ವ," ಎಂದಳು ಮಲ್ಲಮ್ಮ. "ಹಾಕ್ಲಿ ಬಿಡಕ್ಕ," ಎಂದಳು ಸಂಗಮ್ಮ. ಆಮೇಲೆ ಹುಡುಗಿ ನನ್ನ ಕಡೆ ತಿರುಗಿ, "ಈ ಆಯಿಗಿ?" ಎಂದು ಕೇಳಿದಳು. ಮಲ್ಲಮ್ಮ ನನ್ನ ಅಂಗೈಯಲ್ಲಿ ಒಂದು ಚೂರು ಬೆಲ್ಲ ಇಟ್ಟಳು.

ವಾಪಸ್ ಬರುವಾಗ ಜಹೀರಾಬಾದಿನಲ್ಲಿ ಬೆಳಗಿನ ಕಂಡಕ್ಟರನೇ ಸಿಕ್ಕ. "ಮೂರು ಮಂದಿ ಅಂದಿದ್ರಿ?"

"ಇಬ್ರೇರಿ," ಎಂದಳು ಸಂಗಮ್ಮ. ಉಡಿಯ ಗಂಟನ್ನು ಎರಡೂ ಕೈಯಿಂದ ಹಿಡಿದಿದ್ದಳು, ನಾರಾಯಣಖೇಡ ಬರುವ ತನಕ.

ಮರುದಿನ ನನ್ನನ್ನು ಕೆಳಗೆ ತನ್ನ ಮನೆಗೆ ಊಟಕ್ಕೆ ಕರೆದಳು. ಆಧಾರಿನ ಅಡ್ರೆಸ್ ಇಲ್ಲಿಗೆ ಬದಲಿಸಿಕೊಳ್ಳಿ ಎಂದು ಆಶಾ ಆ ಬೆಳಗ್ಗೆಯೂ ಹೇಳಿ ಹೋಗಿದ್ದಳು. ನೋಡೋಣ ಎಂದಿದ್ದೆ. ಮೈಸೂರನ್ನು ಅಳಿಸಲು ಯಾಕೋ ಕೈ ಬರುವುದಿಲ್ಲ.

"ಇದು ನನ್ನ ಉಡಿ ಅಕ್ಕಿರಿ," ಎಂದಳು ಸಂಗಮ್ಮ ಬಡಿಸುತ್ತಾ. "ಹೊರಗಿನವ್ರಿಗಿ ಕೊಡಬಾರ್ದು. ಮನಿಯವ್ರೇ ಉಣ್ಣಬೇಕು."

ಎದುರಿಗೆ ಅವಳ ಇಬ್ಬರು ಹೆಣ್ಣುಮಕ್ಕಳು ತಲೆ ತಗ್ಗಿಸಿ ಉಣ್ಣುತ್ತಿದ್ದರು. ಮೂರನೆಯ ತಟ್ಟೆ ನನ್ನ ಮುಂದಿತ್ತು.